ಕರೆಂಟು ಬಂದ ಕೂಡಲೇ ಗ್ರೈಂಡರ್ ತಿರುಗಬಾರದು

ಮಳೆ ಹಿಡಿಯಿತು ಅಂದರೆ ಶಿರಸಿ ಕಡೆ ಕರೆಂಟು ಹೋಗೋದು ಬರೋದು ದಿನವಿಡೀ ಇದ್ದದ್ದೇ. ಫ್ಯಾಬ್ರಿಕೇಶನ್ ಶಾಪಿನವರು, ಚಿರೆಕಲ್ಲು ಕೊಯ್ಯುವವರು ದಯವಿಟ್ಟು ಗಮನಿಸಿ. ಕರೆಂಟು ಹೋದಾಗ ಆಂಗಲ್ ಗ್ರೈಂಡರಿನ (ಕಬ್ಬಿಣ, ಕಲ್ಲು ಕೊಯ್ಯಲು ಕೈಯಲ್ಲಿ ಹಿಡಿಯುವ ಮಷೀನು) ಸ್ಲೈಡ್ ಸ್ವಿಚ್ ಆನ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಹಾಗೇ ನೆಲಕ್ಕಿಟ್ಟು ಚಾ ಕುಡಿಯಲು ಹೋದರೆ, ಕರೆಂಟು ಬಂದ ಕ್ಷಣ ಮಷೀನು ತಾನಾಗಿ ಎದ್ದು ಯಾರ ಕಾಲಿಗೆ ಬೀಳುತ್ತದೋ ಹೇಳಲಾಗದು. ಈಗಿನ ಕೆಲವು ಮಾಡೆಲ್‌ಗಳಲ್ಲಿ ಇದಕ್ಕೆ ತಡೆಯಿದೆ: ಸ್ವಿಚ್ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡುವ ತನಕ ಮೋಟಾರ್ ತಿರುಗದು. ಗ್ರೈಂಡರಿಗೆ ಬಂದ ಸುಧಾರಣೆಗಳಲ್ಲಿ ನಮ್ಮ ಜಿಲ್ಲೆಗೆ ಅತಿ ಅಗತ್ಯದ್ದು ಇದೇ ಅಂತ ನನ್ನ ಅಭಿಪ್ರಾಯ. ಲಾಕ್ ಇಲ್ಲದ, ಒತ್ತಿ ಹಿಡಿಯುವ ಪ್ಯಾಡಲ್ ಸ್ವಿಚ್ ಆದರೂ ಸರಿ, ಕೈ ಬಿಟ್ಟರೆ ಆಫ್.

ತಿರುಗುವ ಡಿಸ್ಕಿಗೆ ಅಡ್ಡ ಇರುವ ಗಾರ್ಡಿನ ಕತೆಯೂ ಹಾಗೇ. ಸ್ಕ್ರೂ ಸಡಿಲಿಸಿ ತಿರುಗಿಸುವ ಬೇಜಾರಿಗೆ ಎಷ್ಟೋ ಕಡೆ ಅದನ್ನು ಬಿಚ್ಚಿ ಮೂಲೆಗೆ ಹಾಕುತ್ತಾರೆ. ಪಾನಾ ಇಲ್ಲದೆ ಕೈಯಲ್ಲೇ ತಿರುಗುವ ಗಾರ್ಡ್ ಬಂದಿದೆ. ಯಾರೋ ಕೆಲಸಗಾರನ ಅವಸರವನ್ನು ಹತ್ತಿರದಿಂದ ನೋಡಿಯೇ ಅದನ್ನು ಮಾಡಿರಬೇಕು.

ಗಾರ್ಡ್ ಬಿಚ್ಚಿದ ಮೇಲೆ 4 ಇಂಚಿನ ಮಷೀನಿಗೆ 7 ಇಂಚಿನ ಡಿಸ್ಕ್ ಹಾಕುವ ಆಸೆ ಬರುತ್ತದೆ. ಮಷೀನು ನಿಮಿಷಕ್ಕೆ ಸುಮಾರು 11,000 ಸುತ್ತು. ಆ ಡಿಸ್ಕಿನ ಮಿತಿ ಸಾಮಾನ್ಯವಾಗಿ 8,500 ಮಾತ್ರ. ಒಡೆದು ಸಿಡಿಯುತ್ತದೆ.

ಕಾರವಾರದ ತೇವಕ್ಕೆ ಡಿಸ್ಕಿನ ರೆಸಿನ್ ಅಂಟೂ ಬಲ ಕಳೆದುಕೊಳ್ಳುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಎಕ್ಸ್‌ಪೈರಿ ಒತ್ತಿರುತ್ತದೆ, ನೋಡಿ ತಗೊಳ್ಳಿ. ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ, ಮಟ್ಟಸವಾಗಿ ಮಲಗಿಸಿ ಇಡಿ.