ಏಳನೇ ತರಗತಿಯಲ್ಲಿ ಟಿಬೆಟ್ ಪಾಠ

10 ಡಿಸೆಂಬರ್ 2025, ಬುಧವಾರ
ಪಿರಿಯಾಪಟ್ಟಣ ತಾಲ್ಲೂಕು

ಇವತ್ತು ಮಾನವ ಹಕ್ಕುಗಳ ದಿನ. ವಿಶ್ವಸಂಸ್ಥೆ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡದ್ದು 1948ರ ಡಿಸೆಂಬರ್ 10ರಂದು. ಟಿಬೆಟಿನ ಧರ್ಮಗುರು ದಲೈ ಲಾಮಾ ಅವರು ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಿದ್ದೂ ಇದೇ ತಾರೀಖಿನಲ್ಲಿ, 1989ರಲ್ಲಿ. ಟಿಬೆಟಿಯನ್ ನಿರಾಶ್ರಿತರ ಕ್ಯಾಂಪಿರುವ ಬೈಲಕುಪ್ಪೆ ನಮ್ಮ ತಾಲ್ಲೂಕಿನಲ್ಲೇ ಇರುವಾಗ ಈ ಪಾಠಕ್ಕೆ ಬೇರೆ ಉದಾಹರಣೆ ಹುಡುಕುವುದು ನನಗೆ ಸರಿ ಕಾಣಲಿಲ್ಲ.

ನಮ್ಮ ಮಕ್ಕಳೆಲ್ಲ ಅಲ್ಲಿನ ಗೋಲ್ಡನ್ ಟೆಂಪಲ್ ನೋಡಿದವರೇ. ಮೊಮೊ ತಿಂದವರೇ. ಆದರೆ ಕ್ಯಾಂಪಿನವರು ಇಲ್ಲಿಗೆ ಯಾಕೆ ಬಂದರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. "ಸ್ವೆಟರ್ ಮಾರೋಕೆ ಮಿಸ್" ಅಂದ ಒಬ್ಬ. ಅವನು ತಮಾಷೆ ಮಾಡಲಿಲ್ಲ. ಚಳಿಗಾಲದಲ್ಲಿ ಊರೂರಿಗೂ ಬರುವ ಸ್ವೆಟರ್ ಅಂಗಡಿಯೇ ಅವನು ಕಂಡ ಟಿಬೆಟ್.

ನಕ್ಷೆ ಬಿಡಿಸಿ ಟಿಬೆಟಿನ ರಾಜಧಾನಿ ಲಾಸಾ ಗುರುತಿಸಿದೆ. 1959ರ ಮಾರ್ಚ್ 10ರಂದು ಚೀನಾದ ಸೇನೆ ದಲೈ ಲಾಮಾ ಅವರನ್ನು ಒಯ್ದೀತೆಂಬ ಭಯದಲ್ಲಿ ಅಲ್ಲಿನ ಸಾವಿರಾರು ಜನ ಅವರಿದ್ದ ನೋರ್ಬುಲಿಂಕಾ ಅರಮನೆ ಸುತ್ತ ನೆರೆದದ್ದು, 17ರ ರಾತ್ರಿ ಇಪ್ಪತ್ಮೂರರ ಹರೆಯದ ದಲೈ ಲಾಮಾ ಸೈನಿಕನ ಉಡುಪು ತೊಟ್ಟು ಹೊರಟದ್ದು, ಹಿಮದ ಕಣಿವೆ ಹಾದು ತಿಂಗಳ ಕೊನೆಗೆ ಭಾರತದ ನೆಲ ಮುಟ್ಟಿದ್ದು, ಇಷ್ಟನ್ನೂ ಕಥೆಯ ಹಾಗೆ ಹೇಳಿದೆ. ಅವರ ಹಿಂದೆ ಬಂದವರಲ್ಲಿ ಅನೇಕರು ಮೊದಲು ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟ ಮೇಲೆ 1960ರಿಂದ ಇಲ್ಲಿ ಕಾಡು ಕಡಿದು ನೆಲೆ ನಿಂತರು. ತಂಪು ನೆಲದವರಿಗೆ ನಮ್ಮ ಬಿಸಿಲು, ಮೇಲಿಂದ ಆನೆ ಕಾಟ. ಆನೆ ಅಂದ ಕೂಡಲೇ ಮಕ್ಕಳಿಗೆ ಎಲ್ಲ ಅರ್ಥವಾಯಿತು!

ಸಂಸ್ಕೃತಿಯ ಪಾಠವೆಂದರೆ ವೇಷ, ಊಟ, ಬಣ್ಣದ ಬಾವುಟ ತೋರಿಸಿ ಮುಗಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದು ಮಕ್ಕಳಿಗೂ ಅನ್ಯಾಯ, ಆ ಜನಕ್ಕೂ ಅನ್ಯಾಯ. ನಾನು ಅಕ್ಷರದಿಂದ ಶುರು ಮಾಡಿದೆ. ಟಿಬೆಟಿಯನ್ ವರ್ಣಮಾಲೆಯಲ್ಲಿ ಮೂವತ್ತು ವ್ಯಂಜನ. ಮೊದಲ ಸಾಲನ್ನು ಬೋರ್ಡಿನ ಮೇಲೆ ಬರೆದು ಓದಿದೆ: ಕ, ಖ, ಗ, ಙ. ಎರಡನೇ ಸಾಲು ಚ, ಛ, ಜ, ಞ. ಮೂರನೆಯದನ್ನು ನಾನು ಓದುವ ಮೊದಲೇ ಹಿಂದಿನ ಬೆಂಚಿನಿಂದ "ತ, ಥ, ದ, ನ" ಅಂತ ಕೂಗು ಬಂತು. ಘ, ಝ, ಭ ಯಾಕಿಲ್ಲ ಅಂತ ಒಬ್ಬಳು ಹುಡುಕಿ ಕೇಳಿದಳು. ಭಾರತದ ಲಿಪಿಯನ್ನು ನೋಡಿ ಏಳನೇ ಶತಮಾನದಲ್ಲಿ ಅವರು ತಮ್ಮ ನಾಲಿಗೆಗೆ ಬೇಕಾದಷ್ಟನ್ನೇ ಇಟ್ಟುಕೊಂಡರು, ಥೊನ್ಮಿ ಸಂಭೋಟ ಎಂಬ ಮಂತ್ರಿ ಅದನ್ನು ರೂಪಿಸಿದರೆಂದು ಅವರ ಪರಂಪರೆ ಹೇಳುತ್ತದೆ ಎಂದೆ. ಹತ್ತು ನಿಮಿಷ ತರಗತಿಯೇ ಆ ಅಕ್ಷರಗಳನ್ನು ತಿದ್ದುತ್ತ ಕೂತಿತು.

ಆಮೇಲೆ ತಾಶಿ ವಾಂಗ್‌ಚುಕ್ ಅವರ ವಿಷಯ ಹೇಳಿದೆ. ಚೀನಾದ ಆಡಳಿತದಲ್ಲಿರುವ ಯುಶು ಎಂಬ ಊರಿನ ಟಿಬೆಟಿಯನ್ ಅಂಗಡಿಕಾರ. ತನ್ನ ಊರಿನ ಮಕ್ಕಳಿಗೆ ಶಾಲೆಯಲ್ಲಿ ಟಿಬೆಟಿಯನ್ ಸರಿಯಾಗಿ ಕಲಿಸಬೇಕು ಅಂತ ಕೇಳಿದವರು. ದೂರು ಹೊತ್ತು ಬೀಜಿಂಗ್‌ವರೆಗೂ ಹೋದರು, ಅಮೆರಿಕದ ಪತ್ರಿಕೆಯೊಂದರ ಕ್ಯಾಮೆರಾ ಎದುರು ಮಾತಾಡಿದರು. 2016ರ ಜನವರಿಯಲ್ಲಿ ಬಂಧನ, ಪ್ರತ್ಯೇಕತೆಗೆ ಕುಮ್ಮಕ್ಕು ಕೊಟ್ಟ ಆರೋಪ, ಐದು ವರ್ಷ ಜೈಲು. "ಇದೇ ಕ ಖ ಗಕ್ಕಾ ಮಿಸ್?" ಅಂತ ಹಿಂದಿನ ಬೆಂಚಿನ ಅದೇ ಹುಡುಗ ಕೇಳಿದ. ಹೌದು ಅಂದೆ. ಘೋಷಣೆಯ 26 ಮತ್ತು 27ನೇ ವಿಧಿಗಳನ್ನು, ಅಂದರೆ ಶಿಕ್ಷಣದ ಹಕ್ಕು, ಸಾಂಸ್ಕೃತಿಕ ಬದುಕಿನ ಹಕ್ಕುಗಳನ್ನು, ಇದಾದ ಮೇಲಷ್ಟೇ ಓದಿಸಿದೆ. ಮೊದಲೇ ಓದಿಸಿದ್ದರೆ ಬಾಯಿಪಾಠ ಮಾಡಿ ಬಿಡುತ್ತಿದ್ದರು.

ಗೆಂದುನ್ ಚೋಕ್ಯಿ ನೀಮಾ ಅವರ ಕಥೆ ಹೇಳುವುದೋ ಬೇಡವೋ ಅಂತ ಯೋಚಿಸಿದ್ದೆ. 1995ರ ಮೇ 14ರಂದು ದಲೈ ಲಾಮಾ ಆ ಆರು ವರ್ಷದ ಹುಡುಗನನ್ನು ಪಂಚೆನ್ ಲಾಮಾ, ಅಂದರೆ ದಲೈ ಲಾಮಾ ನಂತರದ ಹಿರಿಯ ಧರ್ಮಗುರು, ಎಂದು ಗುರುತಿಸಿದರು. ಮೂರೇ ದಿನಕ್ಕೆ ಹುಡುಗನನ್ನೂ ಅಪ್ಪ ಅಮ್ಮನನ್ನೂ ಚೀನಾದ ಅಧಿಕಾರಿಗಳು ಕರೆದೊಯ್ದರು. ಅಂದಿನಿಂದ ಹೊರಗಿನವರು ಯಾರೂ ಅವರನ್ನು ನೋಡಿಲ್ಲ. ಪದವಿ ಮುಗಿಸಿ ಕೆಲಸದಲ್ಲಿದ್ದಾರೆ, ಯಾರೂ ತೊಂದರೆ ಕೊಡುವುದು ಬೇಡ ಎನ್ನುತ್ತಾರೆ ಅಂತ 2020ರಲ್ಲಿ ಚೀನಾ ಸರ್ಕಾರ ಹೇಳಿತು. ಇದನ್ನು ಹೇಳಿದೆ. ಮೈಗೆ ಬೆಂಕಿ ಹಚ್ಚಿಕೊಂಡು ಪ್ರತಿಭಟಿಸಿದವರ ವಿಷಯ ಮಾತ್ರ ಎತ್ತಲಿಲ್ಲ. ಹನ್ನೆರಡು ವರ್ಷದ ಮಕ್ಕಳ ಮೇಲೆ ಆ ಭಾರ ಹೊರಿಸಬಾರದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

"ಹಂಗಾದ್ರೆ ಚೀನಾದವರೆಲ್ಲ ಕೆಟ್ಟವರಾ?" ಈ ಪ್ರಶ್ನೆಗೆ ಕಾಯುತ್ತಿದ್ದೆ. ಸರ್ಕಾರ ಬೇರೆ, ಜನ ಬೇರೆ ಎಂದೆ. ಈ ಘೋಷಣೆಯ ಕರಡು ಸಮಿತಿಯ ಉಪಾಧ್ಯಕ್ಷರೇ ಚೀನಾದ ವಿದ್ವಾಂಸರು, ಪಿ.ಸಿ. ಚಾಂಗ್. ಮೊದಲ ವಿಧಿಯಲ್ಲಿ ಬರೀ 'ಪುರುಷರೆಲ್ಲ' ಎಂದು ಓದಿಸಿಕೊಳ್ಳುತ್ತಿದ್ದ ಜಾಗದಲ್ಲಿ 'ಮಾನವರೆಲ್ಲ' ಎಂದಾಗಲು ಹಟ ಹಿಡಿದವರು ಭಾರತದ ಪ್ರತಿನಿಧಿ, ನಮ್ಮ ಹಂಸಾ ಮೆಹ್ತಾ. ಹುಡುಗಿಯರು ಅವರ ಹೆಸರನ್ನು ತಾವಾಗಿಯೇ ನೋಟ್ಸಿಗೆ ಇಳಿಸಿಕೊಂಡರು.

ಕೊನೆಯ ಇಪ್ಪತ್ತು ನಿಮಿಷ ನಾನು ಬರೆದುಕೊಂಡು ಹೋದ ಪಾಠವಲ್ಲ. "ನಮ್ಮ ತಾತಂಗೆ ಜಮೀನಿಲ್ಲ, ಅವರಿಗ್ಯಾಕೆ ಅಷ್ಟು ಕೊಟ್ರು ಅಂತಾರೆ ನಮ್ಮಪ್ಪ" ಅಂದ ಒಬ್ಬ. ಮನೆಮನೆಯಲ್ಲಿ ಆಡುವ ಮಾತು ಇದು. ಬಾಯಿ ಮುಚ್ಚಿಸಿದರೆ ಒಳಗೇ ಉಳಿಯುತ್ತದೆ. ಆ ನೆಲ ಅವರ ಒಡೆತನದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು ಎಂದೆ. ಭೂಮಿ ಇಲ್ಲದ ನಿಮ್ಮ ತಾತನ ಪ್ರಶ್ನೆಯೂ ನ್ಯಾಯವಾದದ್ದೇ, ಅದನ್ನು ಕೇಳಬೇಕಾದದ್ದು ಸರ್ಕಾರವನ್ನು, ನೆಲೆ ತಪ್ಪಿ ಬಂದವರನ್ನಲ್ಲ ಎಂದೆ.

ಆಗ ಆದಿವಾಸಿಗಳ ಹಾಡಿಯಿಂದ ಬರುವ ಜೇನುಕುರುಬರ ಹುಡುಗಿ, ವರ್ಷವಿಡೀ ಹಾಜರಿಗೆ ಬಿಟ್ಟು ಬಾಯಿ ತೆರೆಯದವಳು, ಎದ್ದು ನಿಂತಳು. "ನಮ್ಮಜ್ಜೀನೂ ನಾಗರಹೊಳೆ ಕಾಡಿಂದ ಹಿಂಗೇ ಆಚೆ ಬಂದಿದ್ದು. ಅವರಿಗೆ ವಾಪಸ್ ಹೋಗೋ ಹಕ್ಕು ಐತೆ ಅಂದ್ರಲ್ಲ, ನಮಗೂ ಐತಾ?" 13ನೇ ವಿಧಿಯನ್ನು, ತನ್ನ ದೇಶ ಬಿಟ್ಟು ಹೋದವರಿಗೆ ಮರಳಿ ಬರುವ ಹಕ್ಕಿದೆ ಎಂಬುದನ್ನು, ನಾನು ಟಿಬೆಟಿನವರಿಗಾಗಿ ಓದಿದ್ದೆ. ಅವಳು ಅದನ್ನು ತನ್ನ ಅಜ್ಜಿಗೆ ಹಚ್ಚಿ ನೋಡಿದ್ದಳು. 2006ರ ಅರಣ್ಯ ಹಕ್ಕು ಕಾಯ್ದೆ ಇದೆ, ಪುನರ್ವಸತಿ ಕೊಡದೆ ಕಾನೂನುಬಾಹಿರವಾಗಿ ಒಕ್ಕಲೆಬ್ಬಿಸಿದವರ ಹಕ್ಕನ್ನು ಅದು ಒಪ್ಪುತ್ತದೆ, ಅರ್ಜಿ ಹಾಕುವುದು ಗ್ರಾಮಸಭೆಯ ಮೂಲಕ ಎಂದು ಹೇಳಿದೆ. ಅವಳು ಕೂರಲಿಲ್ಲ. "ಅಜ್ಜಿಗೆ ಓದೋಕೆ ಬರಲ್ಲ ಮಿಸ್, ಬರ್ಕೊಡ್ತೀರಾ?" ಅಂದಳು.

ಕಾಯ್ದೆಯ ಮೂರನೇ ಸೆಕ್ಷನ್ನಿನ ಆ ಭಾಗವನ್ನು ಸರಳ ಕನ್ನಡದಲ್ಲಿ ಈಗ ಬರೆದು ಮುಗಿಸಿದೆ. ನಾಳೆ ಅವಳ ಕೈಗೆ ಕೊಡಬೇಕು. ಶುಕ್ರವಾರಕ್ಕೆ 15ನೇ ವಿಧಿ, ರಾಷ್ಟ್ರೀಯತೆಯ ಹಕ್ಕು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಟಿಬೆಟಿಯನ್ನರು ಇವತ್ತಿಗೂ ವಿದೇಶಿಯರ ನೋಂದಣಿ ಪತ್ರ ನವೀಕರಿಸುತ್ತ ಬದುಕುವುದನ್ನು ಆವತ್ತು ಹೇಳಬೇಕು. ಮುಂದಿನ ತಿಂಗಳು ಮಕ್ಕಳನ್ನು ಕ್ಯಾಂಪಿನ ಶಾಲೆಗೆ ಕರೆದೊಯ್ಯಲು ಹೆಡ್‌ಮಾಸ್ಟರ ಹತ್ತಿರ ಅನುಮತಿ ಕೇಳಿದ್ದೇನೆ. ದೇವಸ್ಥಾನ ನೋಡಿದ್ದು ಸಾಕು, ಅಲ್ಲಿನ ಏಳನೇ ತರಗತಿಯವರ ಪಕ್ಕ ಒಂದು ದಿನ ಕೂತು ಬರಲಿ.