ಪರಿಹಾರದ ಕಾಗದದಲ್ಲಿ ಇಲ್ಲದ ಹೆಸರು

ನಾವು ವರ್ಷಕ್ಕೊಮ್ಮೆಯಾದರೂ ಸಿಗಂದೂರು ಚೌಡೇಶ್ವರಿಗೆ ಹೋಗುತ್ತಿದ್ದೆವು. ಆಗ ಸೇತುವೆ ಇರಲಿಲ್ಲ, ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಶರಾವತಿಯ ಹಿನ್ನೀರು ದಾಟಬೇಕಿತ್ತು. ಅಜ್ಜಿ ಹಣ್ಣುಕಾಯಿ ಕಟ್ಟಿಕೊಡುತ್ತಿದ್ದಳು, ಹರಕೆ ದುಡ್ಡನ್ನೂ ಕೊಡುತ್ತಿದ್ದಳು, ತಾನು ಮಾತ್ರ ಬರುತ್ತಿರಲಿಲ್ಲ. ಕೇಳಿದರೆ 'ನಂಗೆ ನೀರು ಆಗಲ್ಲ' ಅನ್ನುವಳು. ಮಳೆಗಾಲದಲ್ಲಿ ತಲೆಮೇಲೆ ಹುಲ್ಲಿನ ಹೊರೆ ಹೊತ್ತು ಹಳ್ಳ ದಾಟುವ ಅಜ್ಜಿಗೆ ನೀರೆಂದರೆ ಹೇಗೆ ಆಗುವುದಿಲ್ಲ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಏಳನೇ ಕ್ಲಾಸಿನ ಬೇಸಿಗೆ ರಜೆ. ಜಮೀನಿನ ಹಕ್ಕುಪತ್ರಕ್ಕಾಗಿ ಅಪ್ಪ ಅರ್ಜಿ ಬರೆಯುವುದರಲ್ಲಿದ್ದರು. ಶರಾವತಿ ಮುಳುಗಡೆಯಲ್ಲಿ ಎದ್ದು ಬಂದ ಎಷ್ಟೋ ಮನೆಗಳ ಹಾಗೆ ನಮ್ಮದೂ ಕಾಡು ಕಡಿದು ಮಾಡಿದ ಜಾಗ, ಕೈಯಲ್ಲಿ ಪತ್ರವಿಲ್ಲ. ನಾಡಿಗೆಲ್ಲ ಬೆಳಕು ಕೊಡಲು ಊರು ಬಿಟ್ಟವರು ಸ್ವಂತ ನೆಲಕ್ಕಾಗಿ ಕಚೇರಿ ಮೆಟ್ಟಿಲು ಸವೆಸುವುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಅಜ್ಜನ ಟ್ರಂಕಿನ ಕಾಗದಗಳು ಬೂಷ್ಟು ಹಿಡಿದಿದ್ದವು. ಅಂಗಳದಲ್ಲಿ ಅಜ್ಜಿ ಹಲಸಿನ ಹಪ್ಪಳ ಒಣಗಿಸುತ್ತಿದ್ದ ಚಾಪೆಯ ಪಕ್ಕದಲ್ಲೇ ಅವನ್ನು ಬಿಸಿಲಿಗೆ ಹರವಿ, ಒಂದೊಂದನ್ನೇ ಓದತೊಡಗಿದೆ. ಒಂದರಲ್ಲಿ ಮುಳುಗಿದ ಆಸ್ತಿಯ ಪಟ್ಟಿ ಇತ್ತು: ಗದ್ದೆ, ಹೆಂಚಿನ ಮನೆ, ಕೊಟ್ಟಿಗೆ, ಬಾವಿ, ಫಲ ಬಿಡುವ ಅಡಿಕೆ ಮರ, ಫಲ ಬಿಡದ ಅಡಿಕೆ ಮರ, ಹಲಸು. ಎಲ್ಲಕ್ಕೂ ಬೇರೆ ಬೇರೆ ದರ. ಓದು ಬಾರದ ಅಜ್ಜಿ ಅಷ್ಟು ವರ್ಷ ಅದೇ ಟ್ರಂಕಿನ ಪಕ್ಕದಲ್ಲಿ ಮಲಗಿದ್ದರೂ ಅದರಲ್ಲಿ ಏನಿದೆಯೆಂದು ಕೇಳಿರಲಿಲ್ಲ. ಕೊನೆಯ ಸಾಲು ಮುಗಿದಾಗ ಕೇಳಿದಳು:

'ಅದ್ರಲ್ಲಿ ಹೂವಮ್ಮಂದು ಬರ್ದಿಲ್ವಾ?'

ಯಾವ ಹೂವಮ್ಮ ಅಂದೆ. ಅಜ್ಜಿ ಹಪ್ಪಳ ತಿರುವಿ ಹಾಕುತ್ತಲೇ ಹೇಳಿದಳು. ಅವಳ ಮೊದಲ ಮಗಳು. ಊರು ಬಿಡುವ ಹಿಂದಿನ ಮಳೆಗಾಲದಲ್ಲಿ ಜ್ವರ ಬಂತು, ಹೊಳೆ ತುಂಬಿತ್ತು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ತೋಟದ ಅಂಚಿನ ರಂಜದ ಮರದ ಬುಡದಲ್ಲಿ ಮಣ್ಣು ಮಾಡಿದರು. ಬೇಸಿಗೆಗೆ ಲಾರಿ ಬಂತು. ವರ್ಷದ ಕಾರ್ಯ ಮುಗಿಸಿ ಹೊರಡೋಣ ಎಂದು ಅಜ್ಜಿ ಹಟ ಹಿಡಿದಳಂತೆ, ಅಜ್ಜ ಕೇಳಲಿಲ್ಲ. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ತುಂಬಿತು. 1948ರಲ್ಲಿ ಮಡೇನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿದ ನೀರು ಅದು, ರಂಜದ ಮರವನ್ನು ಬಿಟ್ಟೀತೇ?

'ಲಾಂಚು ಅಲ್ಲೇ ಮೇಲೆ ಹೋಗ್ತದೋ ಏನೋ ಅಂತ ನಂಗೆ' ಅಂದಳು.

ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವರ ಮುಖ ನೋಡಿದಾಗಲೇ ತಿಳಿದದ್ದು, ತನಗೊಬ್ಬಳು ಅಕ್ಕ ಇದ್ದಳೆಂಬುದು ಅವರಿಗೂ ಗೊತ್ತಿರಲಿಲ್ಲ. ಅವರು ಹುಟ್ಟಿದ್ದು ಹೊಸ ಜಾಗದ ಸೋಗೆ ಗುಡಿಸಲಿನಲ್ಲಿ.

ಸಂಜೆ ಅಜ್ಜ ಬಂದು ಕೈಕಾಲು ತೊಳೆಯುವಷ್ಟರಲ್ಲೇ ಅಪ್ಪ ಕೇಳಿಬಿಟ್ಟರು. ಅಜ್ಜ ಜಗಲಿಯ ಮೇಲೆ ಕೂತರು. 'ಹೆಸರೆತ್ತಿದ್ರೆ ಅವಳು ಅನ್ನ ಬಿಡ್ತಿದ್ಲು. ನೀನು ಹೊಟ್ಟೇಲಿದ್ದೆ. ಯಾರೂ ಎತ್ತಬಾರ್ದು ಅಂತ ನಾನೇ ಹೇಳಿದ್ದು' ಅಂದರು. ನನಗಾಗ ಅಜ್ಜ ಕಲ್ಲು ಹೃದಯದವರು ಅನ್ನಿಸಿ, ಆ ರಜೆಯಿಡೀ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಹಾಗನ್ನಿಸುವುದಿಲ್ಲ. ಮುಳುಗಿದ ಊರು, ಸತ್ತ ಮಗಳು, ಬಸುರಿ ಹೆಂಡತಿ, ಕೈಯಲ್ಲೊಂದು ಕತ್ತಿ, ಎದುರಿಗೆ ಕಾಡು. ಆ ಮನುಷ್ಯ ಯಾರ ಹತ್ತಿರ ಅಳಬೇಕಿತ್ತು? ಆದರೂ ಆ ಆಣೆಯ ಭಾರವೆಲ್ಲ ಬಿದ್ದದ್ದು ಅಜ್ಜಿಯ ಮೇಲೆ. ಭೂಮಿ ಹುಣ್ಣಿಮೆಗೆ ಅವಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವಾಗ ಮೂಲೆಯಲ್ಲೊಂದು ಚಿಕ್ಕ ಹೂವು ಬರೆದು ಸುಮ್ಮನೆ ನೋಡುತ್ತಾ ಕೂರುತ್ತಿದ್ದುದು ಯಾಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಕಾಣುತ್ತವೆ, ಹೋಗಿ ನೋಡಿ ಬರೋಣವೇ ಎಂದು ಅಪ್ಪ ಕೇಳಿದರು. ಅಜ್ಜಿ ಬೇಡವೆಂದಳು. 'ಬೊಡ್ಡೆ ನೋಡಿ ಏನ್ ಮಾಡ್ಲಿ? ಅವಳು ಹೆಂಗಿದ್ಲು ಅಂತ ಕೇಳು, ಹೇಳ್ತೀನಿ.'

ಅಪ್ಪ ಕೇಳಿದರು. ಹೂವಮ್ಮನಿಗೆ ಜೋನಿಬೆಲ್ಲ ಅಂದರೆ ಪ್ರಾಣವಂತೆ. ಕರುವಿನ ಹಗ್ಗ ಬಿಚ್ಚಿಬಿಟ್ಟು ಬೈಸಿಕೊಳ್ಳುತ್ತಿದ್ದಳಂತೆ. ಅಜ್ಜನ ಹೆಗಲಿನಿಂದ ಇಳಿಯುತ್ತಲೇ ಇರಲಿಲ್ಲವಂತೆ. ಅಜ್ಜಿ ಒಂದು ಕಡೆ ತಪ್ಪಿದಾಗ ಜಗಲಿಯಿಂದ ಅಜ್ಜನೇ ತಿದ್ದಿದರು: 'ಅದು ಕೆಂಪು ಕರು ಅಲ್ಲ, ಕಪ್ಪು.'