ಎರಡನೆಯ ಭಾಗ ಮೊದಲನೆಯದರಷ್ಟು ಇಲ್ಲವೇ?

ಬಳ್ಳಾರಿಯಲ್ಲಿ ಸಂಜೆಯ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುವವನು ನಾನು ಎಂದು ತಿಳಿದ ಕೂಡಲೇ ಕ್ರೀಡ್ ಎಂಬ ಹಾಲಿವುಡ್ ಬಾಕ್ಸಿಂಗ್ ಚಿತ್ರಗಳ ಬಗ್ಗೆ ಜನ ಕೇಳುವುದು ಒಂದೇ ಪ್ರಶ್ನೆ: “ಕ್ರೀಡ್ ಎರಡನೇ ಭಾಗ ಮೊದಲನೇದರಷ್ಟು ಇಲ್ಲ, ಹೌದಲ್ರಿ ಸರ?” ಬ್ಯಾಂಕಿನ ಸರದಿಯಲ್ಲಿ ಕೇಳಿದ್ದಾರೆ, ಗೃಹಪ್ರವೇಶದ ಪಂಕ್ತಿಯಲ್ಲಿ ಕೇಳಿದ್ದಾರೆ, ಹೊಸಪೇಟೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಕೇಳಿದ್ದಾರೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನನಗೆ ಸಿಟ್ಟು ಬರಿಸುವುದು ಪ್ರಶ್ನೆಯ ಧಾಟಿ. ಕೇಳುವವರು ತೀರ್ಪನ್ನು ಬರೆದುಕೊಂಡೇ ಬಂದಿರುತ್ತಾರೆ. ನನ್ನಿಂದ ಅವರಿಗೆ ಬೇಕಾಗಿರುವುದು ಒಂದು ರುಜು ಮಾತ್ರ. ನಾನು ರುಜು ಹಾಕಲಿಲ್ಲವೆಂದರೆ “ನೀವು ಬಾಕ್ಸಿಂಗಿನವರು, ನಿಮಗೆ ಎಲ್ಲಾ ಚಂದ ಕಾಣಸ್ತದ” ಎಂದು ಹೊರಟುಬಿಡುತ್ತಾರೆ. ನಿಜ ಹೇಳಬೇಕೆಂದರೆ ಬಾಕ್ಸಿಂಗ್ ಬಲ್ಲವರಿಗೆ ಬಾಕ್ಸಿಂಗ್ ಚಿತ್ರಗಳನ್ನು ಸಹಿಸಿಕೊಳ್ಳುವುದೇ ಹೆಚ್ಚು ಕಷ್ಟ. ನಮ್ಮ ಕಣ್ಣಿಗೆ ಮೊದಲು ಬೀಳುವುದು ನಾಯಕನ ಕೆಳಗಿಳಿದ ಕೈಗಳು, ತೆರೆದುಕೊಂಡ ಗಲ್ಲ, ಒಂದರ ಹಿಂದೊಂದು ತಡೆಯಿಲ್ಲದೆ ಬೀಳುವ ಹೊಡೆತಗಳು.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 2015ರಲ್ಲಿ ರಯಾನ್ ಕೂಗ್ಲರ್ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ಅಪೊಲೊ ಕ್ರೀಡ್ ಎಂಬ ಮೃತ ಚಾಂಪಿಯನ್ನನ ಮಗ ಅಡೋನಿಸ್, ಹಳೆಯ ರಾಕಿ ಚಿತ್ರಗಳ ಬಾಕ್ಸರ್ ನಾಯಕ, ಈಗ ವಯಸ್ಸಾದ ರಾಕಿಯ ಕೈಯಲ್ಲಿ ಪಳಗುತ್ತಾನೆ. 2018ರ ಎರಡನೆಯ ಚಿತ್ರದ ನಿರ್ದೇಶಕ ಸ್ಟೀವನ್ ಕೇಪಲ್ ಜೂನಿಯರ್. ಇಲ್ಲಿ ಆರಂಭದಲ್ಲಿಯೇ ಅಡೋನಿಸ್ ಹೆವಿವೇಟ್ ವಿಶ್ವ ಚಾಂಪಿಯನ್ ಆಗುತ್ತಾನೆ, ಆಗ ಉಕ್ರೇನಿನಿಂದ ವಿಕ್ಟರ್ ಡ್ರಾಗೊ ಎಂಬ ದೈತ್ಯ ಸವಾಲು ಹಾಕುತ್ತಾನೆ. 1985ರ ರಾಕಿ ಚಿತ್ರದಲ್ಲಿ ಈ ವಿಕ್ಟರನ ತಂದೆ ಇವಾನನ ಹೊಡೆತಕ್ಕೆ ಸಿಕ್ಕಿಯೇ ಅಪೊಲೊ ರಿಂಗಿನಲ್ಲಿ ಸತ್ತಿದ್ದ. ಆಮೇಲೆ ಮಾಸ್ಕೋದಲ್ಲಿ ರಾಕಿಯ ಎದುರು ಸೋತ ಇವಾನ್ ದೇಶವನ್ನೂ ಹೆಂಡತಿಯನ್ನೂ ಮರ್ಯಾದೆಯನ್ನೂ ಕಳೆದುಕೊಂಡು, ಮಗನೊಬ್ಬನನ್ನೇ ಆಯುಧದಂತೆ ಮಸೆಯುತ್ತ ಬದುಕಿದ್ದಾನೆ. ಮೊದಲ ಪಂದ್ಯದಲ್ಲಿ ವಿಕ್ಟರ್, ಅಡೋನಿಸನ ಪಕ್ಕೆಲುಬು ಮುರಿಯುತ್ತಾನೆ. ಆದರೆ ಕೆಳಗೆ ಬಿದ್ದವನಿಗೂ ಹೊಡೆದು ಅನರ್ಹನಾಗುತ್ತಾನೆ. ಮರುಪಂದ್ಯ ಮಾಸ್ಕೋದಲ್ಲಿ.

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಛಾಯಾಗ್ರಹಣದಲ್ಲಿ ಮೊದಲನೆಯ ಚಿತ್ರ ಮೇಲು. ಅಲ್ಲಿ ಲಿಯೊ ಸ್ಪೊರಿನೊ ಜೊತೆಗಿನ ಪಂದ್ಯವನ್ನು ಒಂದೇ ಎಳೆಯಲ್ಲಿ, ಕತ್ತರಿಸದೆ ತೋರಿಸಿದ್ದಾರೆ. ಕ್ಯಾಮೆರಾ ಹಗ್ಗದೊಳಗೇ ಸುತ್ತುತ್ತದೆ, ಉಸಿರು ಬಿಡಲು ಜಾಗ ಕೊಡುವುದಿಲ್ಲ. ಎರಡನೆಯದರಲ್ಲಿ ಅಂಥ ಸಾಹಸವಿಲ್ಲ. ವಿಕ್ಟರನಿಗೆ ಮಾತೇ ಇಲ್ಲ ಎಂಬ ದೂರನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಪಾತ್ರ ಮಾಡಿದ ಫ್ಲೋರಿಯನ್ ಮುಂಟೆಯಾನು ಸ್ವತಃ ಬಾಕ್ಸರ್, ಆತ ಬೆನ್ನಿನಿಂದ, ಭುಜದಿಂದ, ತಂದೆಯ ಕಡೆಗೆ ತಿರುಗುವ ಕಣ್ಣಿನಿಂದ ಮಾತಾಡುತ್ತಾನೆ. ಅಪ್ಪನ ಮನೆಯಲ್ಲಿ ಬಾಯಿ ತೆರೆಯಲು ಬಿಡದೆ ಬೆಳೆಸಿದ ಹುಡುಗ ಇನ್ನೇನು ಮಾತಾಡಬೇಕಿತ್ತು?

ಗಾತ್ರದ ಬಗ್ಗೆಯೂ ಕೇಳುತ್ತಾರೆ. ಅಷ್ಟು ದೊಡ್ಡವನ ಮುಂದೆ ಅಷ್ಟು ಚಿಕ್ಕವನನ್ನು ಯಾವ ನಿಯಮ ಬಿಡುತ್ತದೆ ಎನ್ನುವವರಿಗೆ ಉತ್ತರ ಸರಳ: ಹೆವಿವೇಟ್ ವರ್ಗಕ್ಕೆ ಕೆಳಗಿನ ಮಿತಿ ಉಂಟು, ಮೇಲಿನ ಮಿತಿ ಇಲ್ಲ. 200 ಪೌಂಡು, ಅಂದರೆ ಸುಮಾರು 90.7 ಕಿಲೋ ದಾಟಿದವರು ತಮಗಿಂತ ಎಷ್ಟೇ ತೂಕದವನ ಎದುರಾದರೂ ನಿಲ್ಲಬಹುದು. 2009ರಲ್ಲಿ ಡೇವಿಡ್ ಹೇ ತನಗಿಂತ ಸುಮಾರು 45 ಕಿಲೋ ಹೆಚ್ಚು ತೂಗುತ್ತಿದ್ದ, ಏಳು ಅಡಿ ಎತ್ತರದ ನಿಕೊಲಾಯ್ ವಾಲುಯೆವ್‌ನನ್ನು ಅಂಕಗಳ ಮೇಲೆ ಸೋಲಿಸಿ ವಿಶ್ವ ಪಟ್ಟ ಪಡೆದದ್ದು ಸಿನಿಮಾ ಅಲ್ಲ. ಹೇ ದೂರದಿಂದ ಓಡಾಡಿ ಗೆದ್ದ. ಅಡೋನಿಸ್ ಹತ್ತಿರ ನುಗ್ಗಿ ಗೆಲ್ಲುತ್ತಾನೆ. ಎರಡನೆಯದೂ ಸರಿಯಾದ ದಾರಿಯೇ. ಉದ್ದ ಕೈಯವನ ಹೊಡೆತಕ್ಕೆ ಬಲ ಬರುವುದು ಕೈ ಪೂರ್ತಿ ಚಾಚಿಕೊಳ್ಳಲು ಜಾಗವಿದ್ದಾಗ. ಅವನ ಎದೆಗೆ ಅಂಟಿಕೊಂಡು ಪಕ್ಕೆಗೆ ಹೊಡೆಯುವವನು ಆ ಜಾಗವನ್ನು ಕಿತ್ತುಕೊಳ್ಳುತ್ತಾನೆ. ಮರುಭೂಮಿಯ ತಾಲೀಮಿನಲ್ಲಿ ರಾಕಿ ಕಲಿಸುವುದು ಇದನ್ನೇ. ಆ ತಾಲೀಮನ್ನು ಕಂಡು ನಮ್ಮ ಹುಡುಗರು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬಳ್ಳಾರಿ ಗುಡ್ಡದ ಸುತ್ತ ಓಡುತ್ತೇವೆ ಎಂದು ಹೊರಟಿದ್ದರು. ಬೈದು ಒಳಗೆ ಕೂರಿಸಿ ನೀರು ಕುಡಿಸಬೇಕಾಯಿತು. ನಮ್ಮೂರಿನ ಬಿಸಿಲಿಗೆ ಹಿನ್ನೆಲೆ ಸಂಗೀತ ಇರುವುದಿಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ದೊಡ್ಡ ದೂರು: ಕೊನೆಗೆ ನಾಯಕನೇ ಗೆಲ್ಲುತ್ತಾನೆಂದು ಮೊದಲೇ ಗೊತ್ತಿದೆ, ಹಳೆಯ ಕಥೆಯನ್ನೇ ತಿರುಗಿಸಿ ಹಾಕಿದ್ದಾರೆ. ಈ ಮಾತನ್ನು ಬೇರೆ ಯಾವ ಊರಿನವರು ಆಡಿದರೂ ನಾನು ಸುಮ್ಮನಿರುತ್ತಿದ್ದೆ. ಬಯಲಾಟದ ಸೀಮೆಯಲ್ಲಿ ಹುಟ್ಟಿ, ಸುಗ್ಗಿ ಮುಗಿದ ಮೇಲೆ ಊರ ಮುಂದಿನ ಅಟ್ಟದ ಎದುರು ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತವರ ಮಕ್ಕಳು ಇದನ್ನು ಹೇಳುವುದು ನನಗೆ ತಾಳಲಾಗದ ಸಂಗತಿ. ದುರ್ಯೋಧನ ತೊಡೆ ಮುರಿದು ಬೀಳುತ್ತಾನೆಂದು ಗೊತ್ತಿಲ್ಲದೆ ಯಾರಾದರೂ ಗದಾಯುದ್ಧದ ಪ್ರಸಂಗ ನೋಡಲು ಬಂದಿದ್ದರೇ? ಗೊತ್ತಿದ್ದೇ ಬಂದರು, ಗೊತ್ತಿದ್ದೇ ಅತ್ತರು, ಅದೂ ಗೆದ್ದವನಿಗಾಗಿ ಅಲ್ಲ. ಸಾವಿರ ವರ್ಷದ ಹಿಂದೆ ರನ್ನ ಭೀಮನ ವಿಜಯವನ್ನು ಹಾಡಲು ಕೂತು, ಬಿದ್ದವನನ್ನು ಎಷ್ಟು ಎತ್ತರಕ್ಕೆ ನಿಲ್ಲಿಸಿದನೆಂದರೆ ಇಂದಿಗೂ ಆ ಕಾವ್ಯವನ್ನು ಓದಿದವರ ನೆನಪಿನಲ್ಲಿ ಉಳಿಯುವವನು ದುರ್ಯೋಧನನೇ. ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮವನ್ನು ಭೀಮ ಮುರಿದಾಗ ಬಲರಾಮ ಕೆರಳಿ ಎದ್ದದ್ದು ನಮ್ಮ ಹಳ್ಳಿಯ ಮುದುಕರಿಗೂ ಗೊತ್ತು. ನಿಯಮ ಮೀರಿದ ಹೊಡೆತ, ಅದರಿಂದ ಬಂದ ಗೆಲುವು, ಆ ಗೆಲುವಿನ ಮೇಲಿನ ಕಲೆ, ಇವನ್ನೆಲ್ಲ ನೋಡಲು ಕಲಿತ ಕಣ್ಣು ನಮ್ಮದು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಚಾಂಪಿಯನ್ ಆಗಿಯೇ ಉಳಿದ ಅಡೋನಿಸನ ಅವಮಾನ ನಮಗೆ ಕಾಣದೆ ಹೋದರೆ ಇನ್ನಾರಿಗೆ ಕಾಣಬೇಕು?

ಈಗ ಇದನ್ನೆಲ್ಲ ಬರೆಯಲು ಕೂರಿಸಿದ ಸಂದರ್ಭಕ್ಕೆ ಬರುತ್ತೇನೆ. ಸಿರುಗುಪ್ಪ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ಮದುವೆ ಊಟ ನಡೆದಿತ್ತು. ಎದುರಿನ ಸಾಲಿನಲ್ಲಿ ಕುಳಿತವರು ಜೀನ್ಸ್ ಹೊಲಿಗೆಯ ಘಟಕದಲ್ಲಿ ಕೆಲಸ ಮಾಡುವವರು, ಒಂದು ಕಾಲದಲ್ಲಿ ಅವರ ಮಗ ನನ್ನ ಹತ್ತಿರ ಕಲಿಯುತ್ತಿದ್ದ. ಹೋಳಿಗೆಗೆ ತುಪ್ಪ ಬೀಳುತ್ತಿರುವಾಗ ಅವರು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು: “ಎರಡನೇದು ಕೆಟ್ಟಿದ್ದೇ ಕೊನೇಲಿ. ಆ ರಷ್ಯಾದವ ಟವೆಲ್ ಎಸೆದು ಮಗನ ಮಾನ ಕಳೆದ. ಹುಡುಗ ಇನ್ನೂ ನಿಂತಿದ್ದ. ನಿಂತವನನ್ನ ಸೋಲಿಸಿದವ ಅಪ್ಪನೇ.” ಟವೆಲ್ ಎಸೆಯುವುದೆಂದರೆ ಬಾಕ್ಸರನ ಮೂಲೆಯಲ್ಲಿ ನಿಂತವರು ಅವನ ಪರವಾಗಿ ಸೋಲು ಒಪ್ಪಿ ಪಂದ್ಯ ನಿಲ್ಲಿಸಲು ಕೇಳುವುದು. ಸುತ್ತಲಿನವರು ತಲೆಯಾಡಿಸಿದರು. ಅವರು ಚಿತ್ರದ ಬಗ್ಗೆ ಮಾತ್ರ ಮಾತಾಡುತ್ತಿಲ್ಲ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಪಕ್ಕದ ಜಿಲ್ಲೆಯೊಂದರಲ್ಲಿ ನಡೆದ ಪಂದ್ಯದಲ್ಲಿ ಅವರ ಮಗನ ಮೂಲೆಯಲ್ಲಿ ನಿಂತಿದ್ದವನು ನಾನು. ಎರಡನೆಯ ಸುತ್ತಿನಲ್ಲಿ, ಪೆಟ್ಟು ತಿಂದವನು ಮುಂದುವರಿಯಬಲ್ಲನೇ ಎಂದು ನೋಡಲು ರೆಫರಿ ಅವನಿಗೆ ಎಂಟರವರೆಗೆ ಎಣಿಸಿದರು. ಎಣಿಕೆ ಮುಗಿದ ಮೇಲೆ ಹುಡುಗ ಕೈ ಎತ್ತಿ ತಯಾರೆಂದು ತೋರಿಸಿದ, ಆದರೆ ಅವನ ಕಣ್ಣು ಎದುರಾಳಿಯ ಮೇಲಿರಲಿಲ್ಲ. ಅದು ಕುರ್ಚಿಗಳ ಸಾಲಿನಲ್ಲಿ ಅಪ್ಪ ಕುಳಿತ ಜಾಗವನ್ನು ಹುಡುಕುತ್ತಿತ್ತು. ಪೆಟ್ಟು ತಿಂದವನು ಎದುರಾಳಿಯನ್ನು ನೋಡುತ್ತಿದ್ದರೆ ಅವನಲ್ಲಿ ಇನ್ನೂ ಪಂದ್ಯ ಉಳಿದಿದೆ. ಬೇರೆ ಯಾರನ್ನೋ ನೋಡುತ್ತಿದ್ದರೆ ಅವನು ಆಡುತ್ತಿರುವುದು ತನಗಾಗಿ ಅಲ್ಲ. ಆಟ ಮತ್ತೆ ಶುರುವಾಗಿ ಇನ್ನೆರಡು ಹೊಡೆತ ತಲೆಗೆ ಬಿದ್ದದ್ದೇ ತಡ, ನಾನು ಟವೆಲ್ ಎಸೆದೆ. ಅಪ್ಪ ಹಗ್ಗದವರೆಗೆ ಓಡಿಬಂದು ಎಲ್ಲರೆದುರು ಕೂಗಾಡಿದರು, ಮರುವಾರದಿಂದ ಮಗನನ್ನು ಕಳುಹಿಸುವುದನ್ನು ನಿಲ್ಲಿಸಿದರು. ಅಂದು ಮಾಡಿದ್ದನ್ನು ನಾಳೆಯೂ ಮಾಡುತ್ತೇನೆ. ಮದುವೆಯ ಮನೆಯಲ್ಲಿ ಜಗಳ ಬೇಡವೆಂದು ಎಲೆ ಮಡಚಿ ಎದ್ದು ಬಂದೆ. ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

ಆ ಚಿತ್ರ ಇರುವುದೇ ಆ ಟವೆಲಿನಲ್ಲಿ. 1985ರ ಚಿತ್ರದಲ್ಲಿ ಅಪೊಲೊ ಸಾಯುವ ಹೊತ್ತಿನಲ್ಲಿ ಟವೆಲ್ ರಾಕಿಯ ಕೈಯಲ್ಲೇ ಇತ್ತು. ಏನೇ ಆದರೂ ಪಂದ್ಯ ನಿಲ್ಲಿಸಬೇಡ ಎಂದು ಗೆಳೆಯ ಮಾತು ತೆಗೆದುಕೊಂಡಿದ್ದರಿಂದ ರಾಕಿ ಎಸೆಯಲಿಲ್ಲ, ಗೆಳೆಯ ಉಳಿಯಲಿಲ್ಲ. ಆ ಒಂದು ತಡವೇ ಮುಂದಿನ ಚಿತ್ರಗಳ ತುಂಬ ರಾಕಿಯ ಮುಖದಲ್ಲಿದೆ. ಅಡೋನಿಸ್ ಈ ಸವಾಲನ್ನು ಒಪ್ಪಿದಾಗ ಅವನ ಮೂಲೆಯಲ್ಲಿ ನಿಲ್ಲಲು ಆತ ನಿರಾಕರಿಸುವುದು ಅದೇ ಭಯದಿಂದ. ಈಗ ಮಾಸ್ಕೋದ ಕೊನೆಯ ಸುತ್ತನ್ನು ನೋಡಿ. ಮಗ ಬೀಳತೊಡಗಿದ ಕೂಡಲೇ, ಅವನು ಗೆದ್ದಾಗ ಮಾತ್ರ ಹತ್ತಿರ ಬಂದಿದ್ದ ತಾಯಿ ಲುಡ್ಮಿಲಾ ಎದ್ದು ಹೋಗುತ್ತಾಳೆ. ಖಾಲಿ ಕುರ್ಚಿಯನ್ನು ವಿಕ್ಟರ್ ನೋಡುತ್ತಾನೆ. ಅಲ್ಲಿಂದ ಮುಂದೆ ಅವನು ಹೊಡೆಯುವುದನ್ನು ಬಿಟ್ಟು ಹೊಡೆತ ತಿನ್ನುತ್ತ ನಿಂತಿರುತ್ತಾನೆ. ಬಿದ್ದರೆ ಅಪ್ಪನೂ ಹೋಗುತ್ತಾನೆಂಬ ಭಯಕ್ಕೆ ಮಾತ್ರ ನಿಂತಿರುತ್ತಾನೆ. ಇಡೀ ಬದುಕು ಈ ಗೆಲುವೊಂದಕ್ಕೇ ಕಾದಿದ್ದ ಇವಾನ್, ರಾಕಿಯಿಂದ ಆಗದ ಕೆಲಸವನ್ನು ಮಾಡುತ್ತಾನೆ. ಟವೆಲ್ ಎಸೆದು ಒಳಗೆ ನುಗ್ಗಿ ಮಗನನ್ನು ಅಪ್ಪಿಕೊಳ್ಳುತ್ತಾನೆ. ಇವಾನನ ಪಾತ್ರ ಮಾಡಿದ ಡಾಲ್ಫ್ ಲುಂಡ್‌ಗ್ರೆನ್ 1985ರಲ್ಲಿ ಕಲ್ಲಿನಂತೆ ನಟಿಸಿದ್ದರು. 33 ವರ್ಷಗಳ ಬಳಿಕ ಅದೇ ಕಲ್ಲು ಮುಖವನ್ನು ಕರಗಿಸುವುದಕ್ಕೆ ಅವರಿಗೆ ಮಾತೇ ಬೇಕಾಗಲಿಲ್ಲ. ಮೊದಲನೆಯ ಭಾಗದಲ್ಲಿ ಎಷ್ಟೇ ಜಾಣ ಕ್ಯಾಮೆರಾ ಇರಲಿ, ಈ ಕ್ಷಣಕ್ಕೆ ಸಮನಾದದ್ದು ಅದರಲ್ಲಿ ಇಲ್ಲ. ಇದು ನನ್ನ ಉತ್ತರ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಟವೆಲ್ ಯಾವಾಗ ಎಸೆಯಬೇಕು, ಎಸೆಯುವ ಹಕ್ಕು ಯಾರದು? ತೋರಣಗಲ್ಲಿನ ಕ್ರೀಡಾ ಸಂಸ್ಥೆ ನಮ್ಮೂರಿನಿಂದ 30 ಕಿಲೋಮೀಟರ್ ಆಚೆಗಿದೆ. 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲಿಯೇ, ಅಲ್ಲಿ ತರಬೇತಿ ಪಡೆದ ನಿಶಾಂತ್ ದೇವ್ 71 ಕಿಲೋ ವಿಭಾಗದಲ್ಲಿ ಚಿನ್ನ ಗೆದ್ದು, 2023ರಲ್ಲಿ ತಾಷ್ಕೆಂಟಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಅದನ್ನೆಲ್ಲ ಪತ್ರಿಕೆಯಲ್ಲಿ ಓದಿ ಮಗನಿಗೆ ಕೈಗವಸು ಕೊಡಿಸಿದ ತಂದೆಯರು ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರೂ ಈ ಪ್ರಶ್ನೆಯನ್ನು ನನಗೆ ಕೇಳಿಲ್ಲ.

ಕೇಳದಿದ್ದರೂ ಹೇಳುತ್ತೇನೆ. ಹವ್ಯಾಸಿ ಬಾಕ್ಸಿಂಗಿನಲ್ಲಿ, ರೆಫರಿ ಎಣಿಸುತ್ತಿರುವ ಹೊತ್ತೊಂದನ್ನು ಬಿಟ್ಟು, ಮೂಲೆಯಲ್ಲಿರುವ ತರಬೇತುದಾರ ಟವೆಲ್ ಎಸೆದು ತನ್ನ ಹುಡುಗನನ್ನು ಹಿಂದಕ್ಕೆ ಕರೆಯಬಹುದು. ವೃತ್ತಿಪರ ಪಂದ್ಯಗಳಲ್ಲಿ ಹಲವೆಡೆ ಟವೆಲ್ ಕೋರಿಕೆ ಮಾತ್ರ, ನಿಲ್ಲಿಸುವ ಅಧಿಕಾರ ರೆಫರಿಯದು. ಬಾಕ್ಸರನನ್ನು ಕೇಳಿ ನಿರ್ಧರಿಸುತ್ತೇನೆ ಎನ್ನುವವನು ಮೂಲೆಯಲ್ಲಿ ನಿಲ್ಲಲು ಯೋಗ್ಯನಲ್ಲ, ಏಕೆಂದರೆ ಯಾವ ಬಾಕ್ಸರನೂ ಸಾಕು ಎನ್ನುವುದಿಲ್ಲ. 1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿಯ ಎದುರು 14 ಸುತ್ತು ಮುಗಿಸಿದ ಜೋ ಫ್ರೇಜಿಯರನ ಕಣ್ಣುಗಳು ಊದಿಕೊಂಡು ಹೊಡೆತ ಬರುವುದೇ ಕಾಣದಂತಾಗಿತ್ತು. ಆತ ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದರೂ ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿದರು. ಉಳಿದಿದ್ದದ್ದು ಒಂದೇ ಸುತ್ತು, ಕೈತಪ್ಪಿದ್ದು ವಿಶ್ವ ಪಟ್ಟ. ಫ್ರೇಜಿಯರ್ 2011ರವರೆಗೆ ಬದುಕಿದರು. 1982ರಲ್ಲಿ ಲಾಸ್ ವೇಗಸ್ಸಿನಲ್ಲಿ ರೇ ಮನ್ಸೀನಿಯ ಎದುರು ಆಡಿದ ಕೊರಿಯಾದ ಕಿಮ್ ಡುಕ್ ಕೂ 14ನೆಯ ಸುತ್ತಿನಲ್ಲಿ ಬಿದ್ದರು, ಮಿದುಳಿನ ಗಾಯದಿಂದ ಕೆಲವು ದಿನಗಳಲ್ಲಿ ತೀರಿಕೊಂಡರು. ಅದಾದ ಮೇಲೆ ವಿಶ್ವ ಬಾಕ್ಸಿಂಗ್ ಮಂಡಳಿ 15 ಸುತ್ತುಗಳ ಪಟ್ಟದ ಪಂದ್ಯಗಳನ್ನು 12ಕ್ಕೆ ಇಳಿಸಿತು. ಆ ಕಡೆಯ ಮೂರು ಸುತ್ತುಗಳ ಬೆಲೆ ಏನೆಂದು ತಿಳಿಯಲು ಒಂದು ಜೀವ ಬೇಕಾಯಿತು.

ಮಾನದ ಮಾತು ಆಡುವ ತಂದೆಯರೇ, ನಿಮ್ಮ ಮಗ ಹಗ್ಗದೊಳಗೆ ಇರುವಾಗ ಅವನ ಮಾನ ಕಾಯುವವನು ಅವನೇ. ತಲೆ ಕಾಯಬೇಕಾದವನು ನಾನು. ಇವಾನ್ ಡ್ರಾಗೊ ಆ ರಾತ್ರಿ ಸೋತ ಎಂದು ನಿಮಗೆ ಅನ್ನಿಸಿದರೆ, ಚಿತ್ರದ ಕೊನೆಯಲ್ಲಿ ಬರುವ ಪುಟ್ಟ ದೃಶ್ಯವನ್ನು ಇನ್ನೊಮ್ಮೆ ನೋಡಿ. ಮೊದಲು ಮಗನನ್ನು ಓಡಿಸಿ ತಾನು ಕಾರಿನಲ್ಲಿ ಹಿಂಬಾಲಿಸುತ್ತಿದ್ದ ತಂದೆ, ಆಗ ಮಗನ ಪಕ್ಕದಲ್ಲಿ ತಾನೂ ಓಡುತ್ತಿರುತ್ತಾನೆ. 2023ರಲ್ಲಿ ಬಂದ ಮೂರನೆಯ ಭಾಗದಲ್ಲಿ ರಾಕಿ ಇಲ್ಲ, ಅದನ್ನು ನಿರ್ದೇಶಿಸಿದವರು ನಾಯಕ ಮೈಕಲ್ ಬಿ. ಜೋರ್ಡನ್ ಅವರೇ. ಅದು ಎರಡನೆಯದರಷ್ಟು ಇದೆಯೇ ಎಂದು ಈಗಾಗಲೇ ಕೇಳತೊಡಗಿದ್ದಾರೆ. ಎರಡನೆಯದನ್ನು ಅದರ ಮೂಲೆಗಳ ಸಮೇತ ನೋಡಿ ಬಂದವರ ಜೊತೆ ಮಾತ್ರ ಆ ಚರ್ಚೆಗೆ ಕೂರುತ್ತೇನೆ.